ನಕ್ಷೆಯಲ್ಲಿ ಐವತ್ತೈದು ನಿಮಿಷ, ದಾರಿಯಲ್ಲಿ ಹದಿನೈದು ಗಂಟೆ

ಬಳ್ಳಾರಿಯಿಂದ ಮಂಗಳೂರಿಗೆ ಎಷ್ಟು ದೂರ? ಮೊಬೈಲ್‌ನಲ್ಲಿ ಕೇಳಿ ನೋಡಿ. ಸುಮಾರು 330 ಕಿಲೋಮೀಟರ್, ವಿಮಾನದಲ್ಲಿ 55 ನಿಮಿಷ ಅಂತ ಕ್ಷಣದಲ್ಲಿ ಉತ್ತರ ಬರುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರು ಈ ಉತ್ತರವನ್ನು ನಂಬಿದರು. ಅದರಿಂದ ಆದದ್ದನ್ನು ಮೊದಲು ಹೇಳಿ, ಆಮೇಲೆ ವಿಷಯಕ್ಕೆ ಬರುತ್ತೇವೆ.

ನಾವು ಬಂಟ್ವಾಳ ತಾಲೂಕಿನವರು. ಕೆಲವು ವರ್ಷಗಳಿಂದ ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯಲ್ಲಿ ಮಕ್ಕಳಿಗೆ ಓದಿಸುತ್ತಿದ್ದೇವೆ. ತುಂಗಭದ್ರೆಯ ಕಾಲುವೆ ನೀರಿನ ಊರು. ಎತ್ತ ನೋಡಿದರೂ ಭತ್ತದ ಗದ್ದೆ. ಜನ ಒಳ್ಳೆಯವರು, ಮನೆ ಮಗನ ಹಾಗೆ ನೋಡಿಕೊಳ್ಳುತ್ತಾರೆ. ಊರು ದೂರ ಎನ್ನುವುದೊಂದೇ ಕೊರತೆ. ಅದು ಎಷ್ಟು ದೂರ ಎಂದು ನಮಗೆ ಸರಿಯಾಗಿ ಗೊತ್ತಾದದ್ದು ಜುಲೈ ತಿಂಗಳ ಒಂದು ಬೆಳಗ್ಗೆ. ಸುಬ್‌ಹಿ ನಮಾಝ್ ಮುಗಿಸಿ ಕೂತಿದ್ದೆವು, ಅಣ್ಣನ ಫೋನ್ ಬಂತು. "ಉಮ್ಮ ಹೋದ್ರು. ನೀನು ಯಾವಾಗ ಮುಟ್ಟುತ್ತಿ?"

ನಾವು ಉತ್ತರ ಹೇಳುವ ಮೊದಲೇ ಅಲ್ಲಿ ಲೆಕ್ಕ ಆಗಿತ್ತು. ಮನೆಯ ಹುಡುಗನೊಬ್ಬ ಮೊಬೈಲ್ ನೋಡಿ, ಬಳ್ಳಾರಿಯಿಂದ ವಿಮಾನದಲ್ಲಿ ಒಂದು ಗಂಟೆಯೂ ಬೇಡ, ಝುಹರ್‌ಗೆ ತಲುಪಬಹುದು ಅಂದಿದ್ದನಂತೆ. ದುಬೈಯಲ್ಲಿರುವ ತಮ್ಮನಿಗೂ ಬೆಳಗ್ಗಿನ ವಿಮಾನದಲ್ಲಿ ಸೀಟು ಸಿಕ್ಕಿತ್ತು. ಅಸರ್ ನಂತರ ಜನಾಝ ಎಂದು ಮಸೀದಿಯಲ್ಲಿ ಹೇಳಿಯೇ ಬಿಟ್ಟರು.

ನಾವು ಆರು ಗಂಟೆಗೆ ಹಚ್ಚೊಳ್ಳಿ ಬಿಟ್ಟೆವು. ಸಿರುಗುಪ್ಪ ದಾಟಿ ಬಳ್ಳಾರಿ ಸೇರುವಾಗ ಎಂಟೂವರೆ ದಾಟಿತ್ತು. ಮಂಗಳೂರಿಗೆ ವಿಮಾನ ಇಲ್ಲ. ರಾತ್ರಿ ಬಸ್ಸು ರಾತ್ರಿಗೇ. ಒಂದು ಬಾಡಿಗೆ ಕಾರು ಮಾಡಿಕೊಂಡು ಚಿತ್ರದುರ್ಗ, ಹೊಸದುರ್ಗ, ಕಡೂರು, ಚಿಕ್ಕಮಗಳೂರು, ಮೂಡಿಗೆರೆ ಅಂತ ಹೊರಟೆವು. ಚಾರ್ಮಾಡಿಯಲ್ಲಿ ಮರ ಬಿದ್ದಿತ್ತು. ಸಾಲುಗಟ್ಟಿ ನಿಂತ ಗಾಡಿಗಳ ನಡುವೆ ಎರಡು ಗಂಟೆಗೂ ಹೆಚ್ಚು ಕಾಲ ಕಳೆಯಿತು. ಮನೆಯವರು ಅಸರ್‌ನಿಂದ ಮಗ್ರಿಬ್‌ವರೆಗೆ ಕಾದರು. ಇನ್ನು ಕಾಯುವುದು ಸರಿಯಲ್ಲ ಎಂದು ಹಿರಿಯರು ಹೇಳಿದಾಗ ನಾವೇ ಫೋನಿನಲ್ಲಿ, ದಫನ ಮಾಡಿ ಅಂದೆವು. ನಾವು ಮನೆಯ ಅಂಗಳಕ್ಕೆ ಕಾಲಿಡುವಾಗ ರಾತ್ರಿ ಒಂಬತ್ತು.

ಸುಮಾರು 2,460 ಕಿ.ಮೀ. ಆಚೆ ಇದ್ದ ತಮ್ಮ ಉಮ್ಮನ ಮುಖ ನೋಡಿದ. 330 ಕಿ.ಮೀ. ದೂರದಲ್ಲಿದ್ದ ನಾವು ನೋಡಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಒಂದು ಲೆಕ್ಕ ತಪ್ಪಿತ್ತು. ಮನೆಯ ಮಕ್ಕಳು ನಾಲ್ಕು ಕಡೆ ಹಂಚಿಹೋಗಿರುವ ನಮ್ಮಂಥ ಸಮುದಾಯ ಈ ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಆ 55 ನಿಮಿಷ ಎಲ್ಲಿಂದ ಬಂತು?

ಮೊಬೈಲ್ ತೋರಿಸುವ ಇಂಥ ಅಂಕಿಯನ್ನು ಯಾವ ವಿಮಾನ ಕಂಪೆನಿಯೂ ಕೊಟ್ಟದ್ದಲ್ಲ. ಎರಡು ಊರುಗಳ ನಡುವೆ ಭೂಮಿಯ ಮೇಲೆ ನೇರ ಗೆರೆ ಎಳೆಯುತ್ತಾರೆ. ಹಕ್ಕಿ ಹಾರಿದರೆ ಎಷ್ಟು ದೂರವೋ ಅಷ್ಟು. ಅದನ್ನು ಜೆಟ್ ವಿಮಾನದ ವೇಗ, ಅಂದರೆ ಗಂಟೆಗೆ ಸುಮಾರು 800 ಕಿ.ಮೀ. ಲೆಕ್ಕದಲ್ಲಿ ಭಾಗಿಸುತ್ತಾರೆ. ಏರಲು ಇಳಿಯಲು ಎಂದು ಅರ್ಧ ಗಂಟೆ ಸೇರಿಸುತ್ತಾರೆ. 330ನ್ನು 800ರಿಂದ ಭಾಗಿಸಿದರೆ 25 ನಿಮಿಷ, ಅದಕ್ಕೆ 30 ಕೂಡಿಸಿದರೆ 55. ಅಷ್ಟೇ ಕಥೆ. ಅಲ್ಲಿ ವಿಮಾನ ಉಂಟೋ ಇಲ್ಲವೋ, ನಿಲ್ದಾಣ ಉಂಟೋ ಇಲ್ಲವೋ ಎಂದು ಆ ಲೆಕ್ಕ ಕೇಳುವುದೇ ಇಲ್ಲ. ಹಚ್ಚೊಳ್ಳಿಯಿಂದ ಬಂಟ್ವಾಳಕ್ಕೆ ಎಷ್ಟು ಹೊತ್ತು ಎಂದು ಕೇಳಿದರೂ ಒಂದು ಉತ್ತರ ಕೊಟ್ಟೀತು!

ರಸ್ತೆಯಲ್ಲಿ ಬಳ್ಳಾರಿಯಿಂದ ಮಂಗಳೂರಿಗೆ 400 ಕಿ.ಮೀ. ಮೇಲಾಗುತ್ತದೆ. ನಡುವೆ ಪಶ್ಚಿಮ ಘಟ್ಟ ಅಡ್ಡ ಬರುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆ, ಯಾವುದರಲ್ಲಿ ಇಳಿದರೂ ಮಳೆಗಾಲದಲ್ಲಿ ಅಲ್ಲಾಹನ ಮೇಲೆ ಭಾರ ಹಾಕಿಯೇ ಇಳಿಯಬೇಕು. 2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಲು ಬಳಿ ಗುಡ್ಡ ಕುಸಿದು ಶಿರಾಡಿ ರಸ್ತೆ ಬಂದ್ ಆಯಿತು. ಅದೇ ತಿಂಗಳು ಯಡಕುಮೇರಿ ಹತ್ತಿರ ರೈಲು ಹಳಿಯ ಅಡಿಯ ಮಣ್ಣು ಜಾರಿ ಕರಾವಳಿಗೆ ಬರುವ ರೈಲುಗಳು ಹಲವು ದಿನ ನಿಂತವು. ನಕ್ಷೆಯ ನೇರ ಗೆರೆಗೆ ಘಟ್ಟ ಇಲ್ಲ, ಮಳೆಯೂ ಇಲ್ಲ.

ಹಾಗಾದರೆ ವಿಮಾನದಲ್ಲೇ ಬರಬೇಕಾದರೆ? ಬಳ್ಳಾರಿಗೆ ಹತ್ತಿರದ ನಿಲ್ದಾಣ ತೋರಣಗಲ್ಲಿನ ವಿದ್ಯಾನಗರದಲ್ಲಿದೆ. ಹಚ್ಚೊಳ್ಳಿಯಿಂದ ಅಲ್ಲಿಗೇ ಸುಮಾರು ನೂರು ಕಿ.ಮೀ. ದಾರಿ. ಆ ದಿನ ಅಲ್ಲಿಂದ ಬೆಂಗಳೂರಿಗೆ ವಿಮಾನ ಇದ್ದರೆ ಹತ್ತಬೇಕು, ಬೆಂಗಳೂರಿನಲ್ಲಿ ಇಳಿದು ಮಂಗಳೂರಿನ ವಿಮಾನಕ್ಕೆ ಕಾಯಬೇಕು. ಸೇರಿಸಿ ನೋಡಿ: ನಿಲ್ದಾಣಕ್ಕೆ ಮೂರು ಗಂಟೆ, ಒಳಗೆ ಒಂದು ಗಂಟೆ, ಬೆಂಗಳೂರಿಗೆ ಒಂದು ಗಂಟೆ, ಅಲ್ಲಿ ಕಾಯಲು ಕಡಿಮೆಯೆಂದರೆ ಮೂರು ಗಂಟೆ, ಮಂಗಳೂರಿಗೆ ಒಂದು ಗಂಟೆ, ಬಜ್ಪೆಯಿಂದ ಮನೆಗೆ ಒಂದು ಗಂಟೆ. ಹತ್ತು ಗಂಟೆ ಆಯಿತು. ಇದರಲ್ಲಿ ಆಕಾಶದಲ್ಲಿ ಇದ್ದದ್ದು ಎರಡೇ ಗಂಟೆ. ಉಳಿದ ಎಂಟು ಗಂಟೆ ನೆಲದ ಮೇಲೆ. ಮರ ಬೀಳದಿದ್ದರೆ ನಮ್ಮ ಬಾಡಿಗೆ ಕಾರು ಬಳ್ಳಾರಿಯಿಂದ ತೆಗೆದುಕೊಳ್ಳುತ್ತಿದ್ದದ್ದೂ ಅಷ್ಟೇ.

ಕಿತಾಬಿನಲ್ಲಿ ನಾವು ಮಕ್ಕಳಿಗೆ ಕಲಿಸುವ ಒಂದು ಮಸ್‌ಅಲ ಇಲ್ಲಿ ನೆನಪಿಗೆ ಬರುತ್ತದೆ. ಮುಸಾಫಿರನಿಗೆ ನಮಾಝ್ ಕಸ್ರ್ ಮಾಡಲು ಎಷ್ಟು ದೂರ ಬೇಕು ಎಂಬುದನ್ನು ಶಾಫಿಈ ಮದ್‌ಹಬ್‌ನಲ್ಲಿ ಎರಡು ಮರ್ಹಲ ಎಂದು ಹೇಳಿದೆ. ಹಚ್ಚೊಳ್ಳಿಯ ನಮ್ಮ ಹನಫಿ ಸಹೋದರರಲ್ಲಿ ಮೂರು ದಿನದ ದಾರಿ. ಅಂದರೆ ಹಿಂದಿನವರು ದೂರವನ್ನು ಅಳೆದದ್ದೇ ಮನುಷ್ಯ ಮತ್ತು ಒಂಟೆ ನಿಜವಾಗಿ ನಡೆಯುವ ನಡಿಗೆಯಿಂದ. ಆ ದೂರವನ್ನು ಇವತ್ತು ಒಂದೇ ಗಂಟೆಯಲ್ಲಿ ದಾಟಿದರೂ ಅವನು ಮುಸಾಫಿರನೇ. ಅವರ ಅಳತೆಯ ಹಿಂದೆ ದಾರಿ ಇತ್ತು, ದಾರಿಯಲ್ಲಿ ನಡೆದವರು ಇದ್ದರು. ಮೊಬೈಲಿನ ಲೆಕ್ಕದ ಹಿಂದೆ ಯಾರೂ ನಡೆದದ್ದಿಲ್ಲ.

ಉಡಾನ್ ಹಾರಿದ್ದೆಷ್ಟು?

ಸಣ್ಣ ಊರುಗಳಿಗೂ ವಿಮಾನ ಬರಬೇಕು ಎಂದು ಕೇಂದ್ರ ಸರಕಾರ 2016ರ ಅಕ್ಟೋಬರ್‌ನಲ್ಲಿ ಉಡಾನ್ ಯೋಜನೆ ಘೋಷಿಸಿತು. ಮೊದಲ ವಿಮಾನ 2017ರ ಎಪ್ರಿಲ್ 27ರಂದು ಶಿಮ್ಲಾ–ದಿಲ್ಲಿ ನಡುವೆ ಹಾರಿತು. ಸುಮಾರು ಒಂದು ಗಂಟೆಯ, 500 ಕಿ.ಮೀ. ಪ್ರಯಾಣಕ್ಕೆ ನಿಗದಿತ ಸಂಖ್ಯೆಯ ಸೀಟುಗಳಿಗೆ 2,500 ರೂಪಾಯಿ ಎಂಬ ಮಿತಿ ಇಟ್ಟರು. ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತಬೇಕು ಎನ್ನುವ ಮಾತು ಆಗ ಎಲ್ಲರ ಬಾಯಲ್ಲಿತ್ತು. ಒಳ್ಳೆಯ ಮಾತೇ. ಅದೇ ವರ್ಷ ವಿದ್ಯಾನಗರದಿಂದ ಹೈದರಾಬಾದಿಗೂ ವಿಮಾನ ಶುರುವಾಯಿತು. ಆದರೆ ಅದನ್ನು ಹಾರಿಸುತ್ತಿದ್ದ ಕಂಪೆನಿ 2022ರಲ್ಲಿ ಬಾಗಿಲು ಹಾಕಿತು. ಉಡಾನ್‌ನ ಕಷ್ಟ ಇಲ್ಲಿಯೇ ಇದೆ. ಸರಕಾರದ ಸಹಾಯಧನ ಮೂರು ವರ್ಷ ಮಾತ್ರ. ಆ ಮೂರು ವರ್ಷದಲ್ಲಿ ಸೀಟು ತುಂಬುವಷ್ಟು ಜನ ಆಗದಿದ್ದರೆ ಮಾರ್ಗ ತಾನಾಗಿಯೇ ಸೊರಗುತ್ತದೆ.

ಬಳ್ಳಾರಿಗೆ ಸ್ವಂತ ವಿಮಾನ ನಿಲ್ದಾಣ ಎಂಬ ಮಾತೂ ಹಳೆಯದು. ನಗರದ ಹೊರಗೆ ಚಾಗನೂರು–ಸಿರಿವಾರ ಬಳಿ ಸುಮಾರು 900 ಎಕರೆ ಜಾಗ ಗೊತ್ತು ಮಾಡಿದರು. ಅದು ನೀರಾವರಿ ಭೂಮಿ, ಎರಡು ಬೆಳೆ ಬರುವ ನೆಲ ಎಂದು ರೈತರು ವಿರೋಧಿಸಿದರು. 2010ರಲ್ಲಿ ಖಾಸಗಿ ಕಂಪೆನಿಯೊಂದರ ಜೊತೆ ಒಪ್ಪಂದವೂ ಆಯಿತು, ಕೆಲಸ ಮುಂದೆ ಹೋಗದೆ ಅದು ಮುರಿದೂ ಬಿತ್ತು. ಹದಿನೈದು ವರ್ಷ ಕಳೆದಿದೆ. ಭೂಮಿ ಕೊಟ್ಟವರ ಕೈಯಲ್ಲಿ ಬೆಳೆ ಇಲ್ಲ, ಊರಿನವರ ತಲೆಯ ಮೇಲೆ ವಿಮಾನವೂ ಇಲ್ಲ.

ನಾಳೆ ನಿಲ್ದಾಣ ಆದರೂ ನಮ್ಮ ಕಷ್ಟ ತೀರುವುದು ಕಷ್ಟ. ಯಾಕೆಂದರೆ ನಮ್ಮ ರಾಜ್ಯದ ಸಣ್ಣ ನಿಲ್ದಾಣಗಳೆಲ್ಲ ಬೆಂಗಳೂರು, ಹೈದರಾಬಾದಿನಂಥ ದೊಡ್ಡ ಊರಿನ ಕಡೆಗೇ ಮುಖ ಮಾಡಿ ನಿಂತಿವೆ. ಕಲಬುರಗಿ ನಿಲ್ದಾಣ 2019ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಶಿವಮೊಗ್ಗದ್ದು 2023ರ ಫೆಬ್ರವರಿಯಲ್ಲಿ. ಕಲಬುರಗಿಯಿಂದ ಮಂಗಳೂರಿಗೆ, ಶಿವಮೊಗ್ಗದಿಂದ ಬಳ್ಳಾರಿಗೆ ಎಂದು ಜಿಲ್ಲೆಯಿಂದ ಜಿಲ್ಲೆಗೆ ವಿಮಾನ ಯಾರೂ ಹಾರಿಸುವುದಿಲ್ಲ. ಹಾಗೆ ಹಾರಿಸಲು ಬೇಕಾದಷ್ಟು ಜನವೂ ಸಿಗುವುದಿಲ್ಲ. ಎಲ್ಲರೂ ಬೆಂಗಳೂರು ಸುತ್ತಿಯೇ ಬರಬೇಕು. ಬೆಂಗಳೂರಿನವನಿಗೆ ಎಲ್ಲ ಜಿಲ್ಲೆಯೂ ಒಂದು ಗಂಟೆ. ಒಂದು ಜಿಲ್ಲೆಯವನಿಗೆ ಇನ್ನೊಂದು ಜಿಲ್ಲೆ ಒಂದು ದಿನ.

ಡಿಸೆಂಬರ್ ಕಲಿಸಿದ ಪಾಠ

ಬೆಂಗಳೂರು ಸುತ್ತಿ ಬರುವ ದಾರಿಯೂ ಎಷ್ಟು ನಾಜೂಕು ಎಂದು 2025ರ ಡಿಸೆಂಬರ್ ಮೊದಲ ವಾರ ತೋರಿಸಿಕೊಟ್ಟಿತು. ಪೈಲಟ್‌ಗಳ ವಿಶ್ರಾಂತಿಗೆ ಸಂಬಂಧಿಸಿದ ಹೊಸ ನಿಯಮ ಜಾರಿಯಾದಾಗ, ದೇಶದ ಅತಿ ದೊಡ್ಡ ಕಂಪೆನಿ ಇಂಡಿಗೋ ಬಳಿ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಡುವ ತಯಾರಿ ಇರಲಿಲ್ಲ. ಕೆಲವೇ ದಿನಗಳಲ್ಲಿ ಸಾವಿರಾರು ವಿಮಾನಗಳು ರದ್ದಾದವು. ಉಳಿದ ಕಂಪೆನಿಗಳ ಟಿಕೆಟ್ ಬೆಲೆ ಆಕಾಶಕ್ಕೆ ಏರಿತು. ಮದುವೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಮಯ್ಯತ್ತಿಗೆ ಹೋಗುವವರು ಎಲ್ಲರೂ ನಿಲ್ದಾಣದ ನೆಲದ ಮೇಲೆ ಕೂತರು.

ಆಗ ಸರಕಾರ ಡಿಸೆಂಬರ್ 6ರಂದು ದರಕ್ಕೆ ಮಿತಿ ಹಾಕಿತು. ಆ ಮಿತಿಯನ್ನು ಹಾಕಿದ್ದು ದೂರದ ಲೆಕ್ಕದಲ್ಲೇ: 500 ಕಿ.ಮೀ.ವರೆಗೆ 7,500 ರೂಪಾಯಿ, 1,000 ಕಿ.ಮೀ.ವರೆಗೆ 12,000, 1,500ವರೆಗೆ 15,000, ಅದಕ್ಕೂ ಮೇಲೆ 18,000. ತೆರಿಗೆ, ನಿಲ್ದಾಣದ ಶುಲ್ಕ ಬೇರೆ. ಉಡಾನ್ ವಿಮಾನಗಳಿಗೆ ಈ ಮಿತಿ ಅನ್ವಯ ಇರಲಿಲ್ಲ, ಅದು ಸರಿ. ಆದರೂ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿ. 2017ರಲ್ಲಿ 500 ಕಿ.ಮೀ.ಗೆ 2,500 ಎಂದರು. 2025ರಲ್ಲಿ ಅದೇ 500 ಕಿ.ಮೀ.ಗೆ 7,500 ದಾಟಬೇಡಿ ಎಂದು ಹೇಳಬೇಕಾಯಿತು. ಬೆಂಗಳೂರು–ಮಂಗಳೂರು ವಿಮಾನದಲ್ಲಿ ಸುಮಾರು 300 ಕಿ.ಮೀ. ಹಳ್ಳಿಯ ಮಸೀದಿಯಲ್ಲಿ ದುಡಿಯುವ ಒಬ್ಬ ಉಸ್ತಾದನ ತಿಂಗಳ ಸಂಬಳದ ದೊಡ್ಡ ಪಾಲು ಒಂದೇ ಟಿಕೆಟ್ಟಿಗೆ ಹೋಗುತ್ತದೆ. ಹಾಗಾಗಿ ದೂರ ಎಂದರೆ ಕಿಲೋಮೀಟರ್ ಮತ್ತು ಗಂಟೆ ಮಾತ್ರ ಅಲ್ಲ, ಕಿಸೆಯೂ ಹೌದು.

ಗಲ್ಫ್ ಹತ್ತಿರ, ಬಳ್ಳಾರಿ ದೂರ

ನಮ್ಮ ತಮ್ಮ ದುಬೈಯಿಂದ ಹೇಗೆ ಬೇಗ ತಲುಪಿದ? ಬಜ್ಪೆಯಿಂದ 2006ರಲ್ಲಿ ದುಬೈಗೆ ನೇರ ವಿಮಾನ ಶುರುವಾಯಿತು. ಅದಕ್ಕೂ ಮೊದಲು ಮುಂಬೈಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಹಾರುತ್ತಿದ್ದ ನಮ್ಮ ಹಿರಿಯರನ್ನು ಕೇಳಿ, ಕಥೆ ಹೇಳುತ್ತಾರೆ. ಕರಾವಳಿಯ ಮನೆಮನೆಯಿಂದ ಜನ ಗಲ್ಫಿಗೆ ಹೋಗಿ, ಬಂದು, ಸೀಟು ತುಂಬಿಸಿದ್ದರಿಂದ ಆ ದಾರಿ ಉಳಿಯಿತು. ಆ ದಾರಿಗೆ ನಾವು ದೊಡ್ಡ ಬೆಲೆಯನ್ನೂ ಕೊಟ್ಟಿದ್ದೇವೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದಿಂದ ಕೆಳಗೆ ಬಿದ್ದು 158 ಮಂದಿ ತೀರಿಕೊಂಡರು. ಆ ದಿನವನ್ನು ಮರೆತ ಬ್ಯಾರಿ ಮನೆ ಇಲ್ಲ.

ಗಲ್ಫ್ ಟಿಕೆಟ್ ಓದುವಾಗಲೂ ಒಂದು ಎಡವಟ್ಟು ಆಗುತ್ತದೆ. ದುಬೈಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿಯದ್ದು ಎರಡೂವರೆ ಗಂಟೆ ಹಿಂದೆ. ಮಂಗಳೂರಿನಿಂದ ದುಬೈಗೆ ಹಾರಾಟ ಸುಮಾರು ಮೂರೂಮುಕ್ಕಾಲು ಗಂಟೆ. ಆದರೆ ಟಿಕೆಟಿನಲ್ಲಿ ಹೊರಡುವ, ತಲುಪುವ ಹೊತ್ತನ್ನು ಕಳೆದರೆ ಎರಡೂಕಾಲು ಗಂಟೆ ಅಂತ ಕಾಣುತ್ತದೆ. ಬರುವಾಗ ಅದೇ ಐದು ಗಂಟೆಯ ಹಾಗೆ ಕಾಣುತ್ತದೆ. ಟಿಕೆಟಿನಲ್ಲಿ ಆಯಾ ಊರಿನ ಗಡಿಯಾರವನ್ನೇ ಹಾಕುತ್ತಾರೆ ಎಂದು ತಿಳಿದರೆ ಗೊಂದಲ ಇಲ್ಲ. ಜೊತೆಗೆ ಮೇಲಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ತಿಂಗಳುಗಳಲ್ಲಿ ಊರಿಗೆ ಬರುವ ವಿಮಾನ ಸ್ವಲ್ಪ ಬೇಗ ಬರುತ್ತದೆ, ಹೋಗುವುದು ತಡ. ರಮಝಾನ್‌ನಲ್ಲಿ ಸಂಜೆ ಪಶ್ಚಿಮಕ್ಕೆ ಹಾರುವವರಿಗೆ ಇದು ಚೆನ್ನಾಗಿ ಗೊತ್ತು. ಊರಿನಲ್ಲಿ ಇಫ್ತಾರ್ ಆಗಿರುತ್ತದೆ, ಕಿಟಕಿಯಲ್ಲಿ ಸೂರ್ಯ ಇನ್ನೂ ಇರುತ್ತಾನೆ. ನಾವಿರುವ ಕಡೆ ಸೂರ್ಯ ಮುಳುಗುವವರೆಗೆ ಕಾಯಲೇಬೇಕು.

ಆಕಾಶದ ದಾರಿಯೂ ಯಾವಾಗಲೂ ತೆರೆದಿರುತ್ತದೆ ಎಂದು ಹೇಳುವ ಹಾಗಿಲ್ಲ. 2025ರ ಎಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹಾರುವವು ಸುತ್ತಿ ಹೋಗಬೇಕಾಯಿತು. ನಮ್ಮ ವಿಮಾನಗಳು ಅರಬಿ ಸಮುದ್ರದ ಮೇಲೆ ಹೋಗುವುದರಿಂದ ಮಂಗಳೂರಿಗೆ ಅದರ ಬಿಸಿ ಅಷ್ಟು ತಟ್ಟಲಿಲ್ಲ. ಆದರೆ ಜೂನ್ 23ರ ರಾತ್ರಿ ಕತಾರ್ ಮತ್ತು ಸುತ್ತಲಿನ ಕೆಲವು ದೇಶಗಳು ಕೆಲವು ಗಂಟೆ ಆಕಾಶ ಮುಚ್ಚಿದಾಗ ಗಲ್ಫ್ ಪ್ರಯಾಣಿಕರೆಲ್ಲ ಅಲ್ಲಲ್ಲೇ ಸಿಕ್ಕಿಹಾಕಿಕೊಂಡರು.

ಇನ್ನು ಹಜ್ ವಿಷಯ. 2009ರಿಂದ ಮಂಗಳೂರಿನಿಂದಲೇ ಹಜ್ ವಿಮಾನ ಹೊರಡುತ್ತಿತ್ತು. ಮಂಗಳೂರಿನಿಂದ ಜಿದ್ದಾಕ್ಕೆ ನೇರ ಗೆರೆಯಲ್ಲಿ ಸುಮಾರು 3,900 ಕಿ.ಮೀ., ಬೆಂಗಳೂರಿನಿಂದ 4,180. ಕೊರೋನ ಬಂದು ಎರಡು ವರ್ಷ ಹೊರದೇಶದವರಿಗೆ ಹಜ್ ಇರಲಿಲ್ಲ. 2022ರಲ್ಲಿ ಮತ್ತೆ ಶುರುವಾದಾಗ ದೇಶದಲ್ಲಿ ಹತ್ತೇ ಊರುಗಳಿಂದ ವಿಮಾನ, ನಮ್ಮ ರಾಜ್ಯಕ್ಕೆ ಬೆಂಗಳೂರು ಒಂದೇ. ಪಶ್ಚಿಮಕ್ಕೆ ಹೋಗಬೇಕಾದ ಕರಾವಳಿಯ ಎಪ್ಪತ್ತು ವರ್ಷದ ಉಮ್ಮ, ಮೊದಲು ಘಟ್ಟ ಹತ್ತಿ 350 ಕಿ.ಮೀ. ಪೂರ್ವಕ್ಕೆ ಹೋಗಬೇಕಾಯಿತು. ಬಜ್ಪೆಯ ರನ್‌ವೇ 2,450 ಮೀಟರ್, ಗುಡ್ಡದ ಮೇಲಿನದ್ದು, ದೊಡ್ಡ ವಿಮಾನಕ್ಕೆ ಕಷ್ಟ ಎಂಬುದು ನಿಜ. ಆದರೆ ಹತ್ತು ವರ್ಷ ಅದೇ ರನ್‌ವೇಯಿಂದ ಹಾಜಿಗಳು ಹೋಗಿ ಬಂದದ್ದೂ ನಿಜ. ಯಾತ್ರಿಕರ ಅರ್ಜಿ ಸಾಕಷ್ಟು ಬಂದರೆ ಮಾತ್ರ ವಿಮಾನ ಕಂಪೆನಿ ಬರುತ್ತದೆ. ಅರ್ಜಿ ಹಾಕುವಾಗ ಮಂಗಳೂರು ಎಂಬ ಆಯ್ಕೆ ಇರುವ ವರ್ಷಗಳಲ್ಲಿ ಅದನ್ನೇ ಬರೆಯುವುದು ನಮ್ಮ ಕೈಯಲ್ಲೇ ಇದೆ.

ನಾವು ಕೇಳಬೇಕಾದದ್ದು, ಮಾಡಬೇಕಾದದ್ದು

ಬಳ್ಳಾರಿಯಿಂದ ಮಂಗಳೂರಿಗೆ ವಿಮಾನ ಕೊಡಿ ಎಂದು ನಾವು ಕೇಳುವುದಿಲ್ಲ. ಅದು ಆಗುವ ಮಾತಲ್ಲ. ಬಳ್ಳಾರಿಯಲ್ಲಿ ಹತ್ತಿ ಮಂಗಳೂರಿನಲ್ಲಿ ಇಳಿಯುವ ಒಂದು ರೈಲು ಕೊಡಿ ಎಂದು ಕೇಳಬಹುದು. ಈಗ ವಿಜಯಪುರದಿಂದ ಮಂಗಳೂರಿಗೆ ಗದಗ, ಹುಬ್ಬಳ್ಳಿ, ಹಾಸನದ ಮೇಲೆ ರೈಲು ಬರುತ್ತದೆ. ಬಳ್ಳಾರಿಯವರು ಅದನ್ನು ಹತ್ತಲು ಸುಮಾರು 150 ಕಿ.ಮೀ. ದೂರದ ಗದಗಕ್ಕೆ ಹೋಗಬೇಕು. ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಕಡೆಯಿಂದ ಗದಗದಲ್ಲಿ ಹೊಂದಿಕೊಳ್ಳುವ ಒಂದು ಗಾಡಿ ಕೊಟ್ಟರೂ ಸಾಕು. ಮಂಗಳೂರಿನ ಆಸ್ಪತ್ರೆಗಳಿಗೆ ಬರುವ ಉತ್ತರ ಕರ್ನಾಟಕದ ರೋಗಿಗಳಿಗೆ, ಕಾಲೇಜಿಗೆ ಬರುವ ಮಕ್ಕಳಿಗೆ, ಕೂಲಿಗೆ ಬರುವವರಿಗೆ, ಅಲ್ಲಿ ದುಡಿಯುವ ನಮ್ಮಂಥವರಿಗೆ, ಎಲ್ಲ ಜಾತಿ ಧರ್ಮದವರಿಗೂ ಅದು ಉಪಕಾರ. ಒಂದು ವಿಮಾನದಲ್ಲಿ ಎಪ್ಪತ್ತು ಜನ ಬಂದರೆ ಒಂದು ರೈಲಿನಲ್ಲಿ ಸಾವಿರ ಜನ ಬರುತ್ತಾರೆ.

ಮಸೀದಿ, ಮದ್ರಸ ಕಮಿಟಿಯವರಲ್ಲೂ ಒಂದು ಮಾತು. ದೂರದ ಊರಿನ ಉಸ್ತಾದರಿಗೆ ತುರ್ತು ಪ್ರಯಾಣಕ್ಕೆ ಎಂದು ವರ್ಷಕ್ಕೆ ಸ್ವಲ್ಪ ಹಣ ತೆಗೆದಿಡಿ. ಆ ದಿನ ಹಚ್ಚೊಳ್ಳಿಯ ಜಮಾಅತಿನವರು ಬಾಡಿಗೆ ಕಾರಿನ ಹಣವನ್ನು ನಾವು ಕೇಳುವ ಮೊದಲೇ ಕಿಸೆಗೆ ತುರುಕಿದ್ದರು. ಎಲ್ಲ ಕಡೆ ಹಾಗೆ ಆಗುವುದಿಲ್ಲ.

ಕೊನೆಯದು ನಮ್ಮ ಮನೆಗಳಿಗೆ. ಸಾವಿನ ಸುದ್ದಿ ಬಂದಾಗ ದೂರದಲ್ಲಿರುವ ಮಗನಿಗೆ ಕಾಯಬೇಕೇ ಎಂಬ ಪ್ರಶ್ನೆ ಪ್ರತಿ ಮನೆಗೂ ಒಂದಲ್ಲ ಒಂದು ದಿನ ಬರುತ್ತದೆ. ದಫನವನ್ನು ಬೇಗ ಮಾಡುವುದು ಸುನ್ನತ್. ಹತ್ತಿರದವರು ಬೇಗ ತಲುಪುವಂತಿದ್ದರೆ, ಮಯ್ಯತ್ತಿಗೆ ತೊಂದರೆ ಆಗದಿದ್ದರೆ ಸ್ವಲ್ಪ ಕಾಯುವುದಕ್ಕೆ ಅವಕಾಶವೂ ಉಂಟು. ಹಾಗಾಗಿ ಹೊತ್ತು ಘೋಷಣೆ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ. ಇವತ್ತು ಆ ದಾರಿಯಲ್ಲಿ ನಿಜವಾಗಿ ವಿಮಾನ ಅಥವಾ ಬಸ್ಸು ಉಂಟೇ? ಸೀಟು ಸಿಕ್ಕಿತೇ? ಅವನು ಇರುವ ಮನೆಯ ಬಾಗಿಲಿನಿಂದ ನಮ್ಮ ಮನೆಯ ಬಾಗಿಲಿಗೆ ಒಟ್ಟು ಎಷ್ಟು ಗಂಟೆ? ಉತ್ತರವನ್ನು ಮೊಬೈಲಿನಲ್ಲಿ ಹುಡುಕಬೇಡಿ, ಬರುವವನನ್ನೇ ಕೇಳಿ. ಅವನು ಹೇಳಿದ ಹೊತ್ತಿಗೆ ಘಟ್ಟದ ಎರಡು ಗಂಟೆ ನೀವೇ ಸೇರಿಸಿಕೊಳ್ಳಿ.

ತಲುಪಲಾಗದ ಮಗನಿಗೂ ದಾರಿ ಇದೆ. ಶಾಫಿಈ ಮದ್‌ಹಬ್‌ನಲ್ಲಿ ದೂರದಲ್ಲಿರುವ ಮಯ್ಯತ್ತಿಗಾಗಿ ಗಾಯಿಬ್ ಜನಾಝ ನಮಾಝ್ ಮಾಡಬಹುದು. ಅವತ್ತು ದಾರಿಯಲ್ಲಿ ಗಾಡಿಗಳು ನಿಂತಿದ್ದಾಗ ನಮಗೆ ಇನ್ನೂ ತಲುಪುವ ಆಸೆ ಇತ್ತು, ಅದು ಹೊಳೆಯಲಿಲ್ಲ. ರಾತ್ರಿ ಅಣ್ಣ ಟಾರ್ಚ್ ಹಿಡಿದು ಖಬರ್‌ಸ್ಥಾನಕ್ಕೆ ಕರೆದುಕೊಂಡು ಹೋದರು. ಖಬರಿನ ಹತ್ತಿರ ನಿಂತು ನಮಾಝ್ ಮಾಡಿದೆವು. ತಮ್ಮನೂ ಪಕ್ಕದಲ್ಲಿದ್ದ. ಮರುದಿನ ಅಣ್ಣನ ಹತ್ತಿರ ಒಂದು ಮಾತು ಹೇಳಿ ಬಂದೆವು: ಇನ್ನು ಮುಂದೆ ಮನೆಯಲ್ಲಿ ಏನಾದರೂ ಆದರೆ, ಹಚ್ಚೊಳ್ಳಿಯಿಂದ ಬರುವವನಿಗೆ ಹದಿನೈದು ಗಂಟೆ ಎಂದೇ ಲೆಕ್ಕ ಇಡಿ. ಅಷ್ಟು ಹೊತ್ತು ಕಾಯಲಾಗದಿದ್ದರೆ ಕಾಯಬೇಡಿ, ನಮಗೆ ಬೇಜಾರಿಲ್ಲ.